ದಡದಲ್ಲೇ ತಡೆಯಿರಿ: ಹಿನ್ನೀರಿನ ದೋಣಿಗಳಲ್ಲಿ ಮದ್ಯಪಾನದ ಕುರಿತು ಹಾಸನ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು,
ಹಾಸನ ಜಿಲ್ಲೆ, ಹಾಸನ.

ವಿಷಯ: ಜಿಲ್ಲೆಯ ಜಲಾಶಯ, ಹಿನ್ನೀರು ಮತ್ತು ಕೆರೆಗಳಲ್ಲಿ ಮದ್ಯಪಾನ ಮಾಡಿ ದೋಣಿ ಏರುವುದನ್ನೂ ನಡೆಸುವುದನ್ನೂ ತಡೆಯುವ ಬಗ್ಗೆ.

ಮಾನ್ಯರೇ,

ಹೇಮಾವತಿ ಜಲಾಶಯ ತುಂಬಿದ ಮೇಲೆ ನಮ್ಮ ಕಡೆಗೆ ಜನ ಬರುವ ಕಾಲ ಆರಂಭವಾಗುತ್ತದೆ. ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಗೋಡೆಗಳು ನೀರಿನ ನಡುವೆ ನಿಂತದ್ದನ್ನು ನೋಡಲು, ಗೊರೂರಿನ ಅಣೆಕಟ್ಟೆಯಿಂದ ನೀರು ಧುಮುಕುವುದನ್ನು ಕಾಣಲು, ಬೇಲೂರಿನಲ್ಲಿ ಚೆನ್ನಕೇಶವನ ದರ್ಶನ ಮುಗಿಸಿ ಯಗಚಿಯ ನೀರಿನಲ್ಲಿ ಒಂದು ಸುತ್ತು ಹೋಗಿಬರಲು ದೂರದ ಊರುಗಳಿಂದ ಕುಟುಂಬಗಳು ಬರುತ್ತವೆ. ದಸರೆಯ ರಜೆ, ಹಾಸನಾಂಬೆಯ ಗುಡಿಯ ಬಾಗಿಲು ತೆರೆಯುವ ದಿನಗಳು, ಡಿಸೆಂಬರಿನ ಕೊನೆಯ ವಾರ, ಹೀಗೆ ಒಂದರ ಬೆನ್ನಿಗೆ ಒಂದು ಬಂದು ದಡದ ಊರುಗಳಿಗೆ ನಾಲ್ಕು ಕಾಸು ತರುತ್ತವೆ. ಅವರು ಬರುವುದು ನಮಗೆ ಸಂತೋಷವೇ. ಆದರೆ ಕುಡಿದು ದೋಣಿ ಹತ್ತುವವರು, ದೋಣಿಯಲ್ಲಿ ಕುಳಿತು ಕುಡಿಯುವವರು, ಕುಡಿದ ಕೈಯಲ್ಲೇ ಹುಟ್ಟು ಹಿಡಿಯುವವರು ಈ ದಡಗಳಲ್ಲಿ ಸಾಮಾನ್ಯ ನೋಟವಾಗಿಬಿಟ್ಟಿದ್ದಾರೆ. ಇದನ್ನು ತಡೆಯುವ ಅಧಿಕಾರವನ್ನು ಕಾನೂನು ತಮ್ಮ ಹುದ್ದೆಗೆ ಕೊಟ್ಟಿರುವುದರಿಂದ ಈ ಪತ್ರವನ್ನು ತಮಗೆ, ಎಲ್ಲರೂ ಓದುವಂತೆ, ಬರೆಯುತ್ತಿದ್ದೇನೆ.

ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ ಶುಶ್ರೂಷಕಿಯಾಗಿ ದುಡಿದು ನಿವೃತ್ತಳಾದವಳು. ಈಗ ಹಿನ್ನೀರಿನ ದಡದ ಊರೊಂದರಲ್ಲಿ ನೆಲೆಸಿದ್ದೇನೆ. ಮುಳುಗಿದವರನ್ನು ಆಸ್ಪತ್ರೆಗೆ ಹೊತ್ತು ತಂದಾಗ ಅವರ ಬಾಯಿಂದ ಬರುವ ಮದ್ಯದ ವಾಸನೆ ನನ್ನ ವೃತ್ತಿಯವರಿಗೆ ಹೊಸದಲ್ಲ. ಬಂಧುಗಳು ಮಾತ್ರ ಕೊನೆಯವರೆಗೂ ಒಂದೇ ಮಾತು ಹೇಳುತ್ತಿರುತ್ತಾರೆ: ಅವನಿಗೆ ಈಜು ಚೆನ್ನಾಗಿ ಬರುತ್ತಿತ್ತು.

ಕಳೆದ ಮಳೆಗಾಲ ಮುಗಿದ ಹೊತ್ತಿನ ಒಂದು ಭಾನುವಾರ ಕಣ್ಣಾರೆ ಕಂಡದ್ದನ್ನು ಮೊದಲು ತಮ್ಮ ಮುಂದಿಡುತ್ತೇನೆ. ಸ್ಥಳದ ಹೆಸರನ್ನಾಗಲಿ, ದೋಣಿಯವನ ಗುರುತನ್ನಾಗಲಿ ಇಲ್ಲಿ ಬರೆಯುವುದಿಲ್ಲ, ಏಕೆಂದರೆ ನನ್ನ ದೂರು ಒಬ್ಬ ಬಡವನ ಮೇಲಲ್ಲ. ಯುವಕರ ಒಂದು ಗುಂಪು ದಡದಲ್ಲಿ ಕಾರು ನಿಲ್ಲಿಸಿ, ತಂಪು ಪಾನೀಯದ ಬಾಟಲಿಗಳಲ್ಲಿ ಮದ್ಯ ಬೆರೆಸಿಕೊಂಡು ಮಧ್ಯಾಹ್ನವಿಡೀ ಬಿಸಿಲಲ್ಲಿ ಕುಳಿತಿತ್ತು. ಹೊತ್ತು ಇಳಿಯುವಾಗ ಅವರಿಗೆ ತೆಪ್ಪದಲ್ಲಿ ಹೋಗಬೇಕೆನಿಸಿತು. ತೆಪ್ಪದವನು ‘ಬ್ಯಾಡ ಸಾರ್, ಗಾಳಿ ಎದ್ದೈತೆ’ ಎಂದು ಎರಡು ಸಲ ಹೇಳಿದ. ಹೇಳಿದ್ದಕ್ಕಿಂತ ಹೆಚ್ಚು ಹಣವನ್ನು ಅವನ ಜೇಬಿಗೆ ತುರುಕಿ, ಅವನಿಗೂ ಒಂದು ಲೋಟ ಕೊಟ್ಟರು. ಲೈಫ್ ಜಾಕೆಟ್‌ಗಳು ಇದ್ದವು. ಅವನ್ನು ಮಡಚಿ ಅಡಿಗೆ ಹಾಕಿಕೊಂಡು ಅದರ ಮೇಲೆ ಕುಳಿತರು. ನಡುನೀರಿನಲ್ಲಿ ಒಬ್ಬ ಫೋಟೋಗಾಗಿ ಎದ್ದು ನಿಂತ, ಅವನನ್ನು ಹಿಡಿಯಲು ಇನ್ನೊಬ್ಬ ಎದ್ದ, ತೆಪ್ಪ ಒಂದು ಮಗ್ಗುಲಿಗೆ ವಾಲಿತು. ನಿಂತಿದ್ದವನು ಬೂಟು ಸಮೇತ ನೀರಿಗೆ ಬಿದ್ದ. ಆ ಹೊತ್ತಿಗೆ ಸಮೀಪದಲ್ಲಿ ಬಲೆ ಬಿಡುತ್ತಿದ್ದ ಮೀನುಗಾರರಿಬ್ಬರು ಬಂದು ಅವನ ಅಂಗಿಯ ಕಾಲರು ಹಿಡಿದು ಎತ್ತದಿದ್ದರೆ ಆ ದಿನ ಒಂದು ಮನೆ ಬರಿದಾಗುತ್ತಿತ್ತು.

ದಡಕ್ಕೆ ತಂದ ಮೇಲೆ ಆ ಹುಡುಗ ನೀರು ಕೆಮ್ಮುತ್ತಲೇ ಇದ್ದ. ಶ್ವಾಸಕೋಶಕ್ಕೆ ನೀರು ಹೋದವರಿಗೆ ಮೊದಲು ಏನೂ ಆಗಿಲ್ಲವೆಂದು ಕಂಡರೂ ಕೆಲವು ಗಂಟೆಗಳ ಬಳಿಕ ಉಸಿರಾಟ ಕೆಡಬಹುದು, ಆಸ್ಪತ್ರೆಯಲ್ಲಿ ಇರಿಸಿಕೊಂಡು ನೋಡಲೇಬೇಕು ಎಂದು ಕೈಮುಗಿದು ಕೇಳಿದೆ. ಅವರು ನಕ್ಕು, ಅವನನ್ನು ಹಿಂದಿನ ಸೀಟಿಗೆ ತಳ್ಳಿ, ಕುಡಿದವರೇ ಕಾರು ನಡೆಸಿಕೊಂಡು ಹೊರಟುಹೋದರು. ಈ ಘಟನೆ ಯಾವ ಠಾಣೆಯ ದಾಖಲೆಯಲ್ಲೂ ಇಲ್ಲ, ಯಾವ ಪತ್ರಿಕೆಯಲ್ಲೂ ಬರಲಿಲ್ಲ. ನಮ್ಮ ವ್ಯವಸ್ಥೆ ನೀರಿನ ಅಪಘಾತವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಹೆಣ ಸಿಕ್ಕಾಗ ಮಾತ್ರ.

ಆಮೇಲೆ ಸಂಬಂಧಪಟ್ಟದ್ದೆಂದು ನಾನು ತಿಳಿದ ಕಚೇರಿಗೆ ಹೋಗಿ ವಿಷಯ ತಿಳಿಸಿದೆ. ಇದು ನಮ್ಮದಲ್ಲ, ಇನ್ನೊಂದು ಇಲಾಖೆಯದು ಎಂದರು; ಆ ಇನ್ನೊಂದು ಕಡೆಯೂ ಅದೇ ಉತ್ತರ ಬಂತು. ನೀರು ಒಬ್ಬರದು, ಮೀನು ಒಬ್ಬರದು, ಪ್ರವಾಸಿ ಮತ್ತೊಬ್ಬರಿಗೆ ಸೇರಿದವನು, ಮದ್ಯ ಅಬಕಾರಿಯವರದು, ರಸ್ತೆ ಪೊಲೀಸರದು. ದೋಣಿಯಲ್ಲಿ ಕುಳಿತ ಮನುಷ್ಯನ ಪ್ರಾಣ ಮಾತ್ರ ಯಾರ ಕಡತದಲ್ಲೂ ಇಲ್ಲ. ಈ ಎಲ್ಲ ಇಲಾಖೆಗಳನ್ನು ಒಂದೇ ಮೇಜಿನ ಸುತ್ತ ಕೂರಿಸಬಲ್ಲ ಹುದ್ದೆ ಜಿಲ್ಲೆಯಲ್ಲಿ ತಮ್ಮದೊಂದೇ.

ಕುಡಿದು ನೀರಿಗೆ ಇಳಿಯುವುದು ಏಕೆ ಇಷ್ಟು ಅಪಾಯಕಾರಿ ಎಂಬುದನ್ನು ನನ್ನ ವೃತ್ತಿಯ ತಿಳಿವಳಿಕೆಯಿಂದ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ರಸ್ತೆಯಲ್ಲಿ ಕುಡಿದು ಓಡಿಸುವುದು ತಪ್ಪೆಂದು ಒಪ್ಪುವ ಜನರೂ ದೋಣಿಯ ವಿಷಯದಲ್ಲಿ ಅದನ್ನು ಮೋಜೆಂದೇ ಭಾವಿಸಿದ್ದಾರೆ. ದೇಹದ ಸಮತೋಲನವನ್ನು ಕಾಯುವುದು ಒಳಗಿವಿಯ ದ್ರವ ತುಂಬಿದ ಸೂಕ್ಷ್ಮ ನಾಳಗಳು. ಮದ್ಯ ರಕ್ತದ ಮೂಲಕ ಅಲ್ಲಿಗೂ ತಲಪಿ, ಆ ನಾಳಗಳು ಮೆದುಳಿಗೆ ಕಳಿಸುವ ಸೂಚನೆಯನ್ನೇ ಕೆಡಿಸುತ್ತದೆ. ನೆಲದ ಮೇಲೆ ತೂರಾಡುವವನಿಗೆ ಕಣ್ಣಿನ ಆಸರೆ, ಪಾದದಡಿಯ ನೆಲದ ಆಸರೆ ಉಂಟು. ಮೊದಲೇ ತೂಗುವ ತೆಪ್ಪದಲ್ಲಿ ಅವೆರಡೂ ಕೈಕೊಡುತ್ತವೆ. ಮಣ್ಣು ಕದಡಿದ ನೀರಿನೊಳಗೆ ಮುಳುಗಿದವನಿಗಂತೂ ಮೇಲೆ ಯಾವುದು, ಕೆಳಗೆ ಯಾವುದು ಎಂಬುದೇ ತಿಳಿಯದೆ, ದಮ್ಮು ಕಟ್ಟಿ ಆಳದ ಕಡೆಗೇ ಈಜುವ ಸಂಭವವಿದೆ. ಈಜು ಬಲ್ಲವರೂ ಸಾಯುವುದು ಹೀಗೆ.

ಇದರ ಜೊತೆಗೆ ಉಸಿರಿನ ವಿಷಯ. ತಣ್ಣೀರಿಗೆ ಒಮ್ಮೆಲೇ ಬಿದ್ದಾಗ ಯಾರೇ ಆದರೂ ತಮಗರಿವಿಲ್ಲದೆ ಜೋರಾಗಿ ಉಸಿರು ಎಳೆದುಕೊಳ್ಳುತ್ತಾರೆ. ಆ ಕ್ಷಣ ಬಾಯಿ ನೀರಿನೊಳಗಿದ್ದರೆ ಎಳೆದುಕೊಳ್ಳುವುದು ನೀರನ್ನೇ. ಎಚ್ಚರವಿದ್ದವನು ಕೆಮ್ಮಿ, ಕೈಕಾಲು ಬಡಿದು ತಲೆ ಎತ್ತುತ್ತಾನೆ. ಅಮಲಿನಲ್ಲಿದ್ದವನ ಕೆಮ್ಮು ಮಂದ, ಕೈಕಾಲು ಮಂದ, ಅಪಾಯದ ಅರಿವೂ ಮಂದ. ಬಿಸಿಲು, ಗಾಳಿ, ನೀರಿನ ಪ್ರತಿಫಲನ, ಎಂಜಿನ್ನಿನ ಅದುರುವಿಕೆ ಇವು ಕುಡಿಯದವನನ್ನೂ ಕೆಲವೇ ಗಂಟೆಗಳಲ್ಲಿ ದಣಿಸುತ್ತವೆ. ಅದರ ಮೇಲೆ ಮದ್ಯ ಬಿದ್ದರೆ ಮನೆಯಲ್ಲಿ ‘ಏನೂ ಆಗಲಿಲ್ಲ’ ಎನ್ನಿಸುವ ಪ್ರಮಾಣವೇ ದೋಣಿಯಲ್ಲಿ ಮನುಷ್ಯನನ್ನು ಕೆಡವುತ್ತದೆ.

ನಮ್ಮ ಮೀನುಗಾರರಲ್ಲೂ ಕೆಲವರು ಮಾಗಿಯ ನಸುಕಿನಲ್ಲಿ ಬಲೆ ಎತ್ತಲು ಹೋಗುವ ಮೊದಲು ‘ಚಳಿಗೆ’ ಎಂದು ಒಂದು ಗುಟುಕು ಹಾಕುತ್ತಾರೆ. ಅಣ್ಣಂದಿರಿಗೆ ನಾನು ಹೇಳುವುದಿಷ್ಟೇ: ಮದ್ಯ ಮೈ ಬೆಚ್ಚಗಾಗಿಸುವುದಿಲ್ಲ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಗೆ ಹರಿಯಬಿಡುತ್ತದೆ. ಮೈಮೇಲೆ ಬಿಸಿ ಎನಿಸುವ ಆ ಹೊತ್ತಿನಲ್ಲೇ ದೇಹ ಒಳಗಿನಿಂದ ತಣ್ಣಗಾಗುತ್ತಿರುತ್ತದೆ. ಮುಂಜಾವಿನಲ್ಲಿ ಒಬ್ಬಂಟಿಯಾಗಿ ಬಿದ್ದ ಮೀನುಗಾರನ ಸಾವು ಸುದ್ದಿಯೂ ಆಗುವುದಿಲ್ಲ. ವೈಯಕ್ತಿಕ ಅಪಘಾತ ವಿಮೆಯಲ್ಲಿ ಅಮಲಿನಲ್ಲಿದ್ದಾಗ ಆದ ಸಾವಿಗೆ ಪರಿಹಾರವಿಲ್ಲ ಎಂಬ ಷರತ್ತು ಸಾಮಾನ್ಯವಾಗಿ ಇರುವುದರಿಂದ, ಹೆಂಡತಿ ಮಕ್ಕಳಿಗೆ ಆ ಆಸರೆಯೂ ತಪ್ಪಬಹುದು.

ದೋಣಿ ನಡೆಸುವವನು ಕುಡಿಯದಿದ್ದರೆ ಸಾಕು, ಕುಳಿತವರು ಕುಡಿದರೇನು ಎಂಬ ವಾದವನ್ನು ಬಲ್ಲವರೂ ಮಾಡುತ್ತಾರೆ. ಅಮೆರಿಕದ ಮೇರಿಲ್ಯಾಂಡ್ ಮತ್ತು ನಾರ್ತ್ ಕೆರೊಲಿನಾ ರಾಜ್ಯಗಳ ದೋಣಿ ವಿಹಾರದ ಸಾವುಗಳನ್ನು ಪರಿಶೀಲಿಸಿ 2001ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ವಾದವನ್ನು ತಳ್ಳಿಹಾಕಿದೆ. ರಕ್ತದಲ್ಲಿ ಮದ್ಯದ ಪ್ರಮಾಣ ಏರಿದಂತೆ ಸಾವಿನ ಸಂಭವ ನಡೆಸುವವನಿಗೂ ಪ್ರಯಾಣಿಕನಿಗೂ ಏರುತ್ತದೆ, ದೋಣಿ ಚಲಿಸುತ್ತಿದ್ದರೂ ನಿಂತಿದ್ದರೂ ಏರುತ್ತದೆ ಎಂದು ಅದು ತೋರಿಸಿತು. ಕಾರಿನಲ್ಲಿ ಹಿಂದೆ ಕುಳಿತು ಕುಡಿದವನು ಕಾರನ್ನು ಮಗುಚಲಾರ. ತೆಪ್ಪದಲ್ಲಿ ಕುಳಿತು ಕುಡಿದವನು ಒಮ್ಮೆ ಎದ್ದು ನಿಂತರೆ ಸಾಕು, ಕುಡಿಯದ ಮಗುವೂ ತಾಯಿಯೂ ಅವನೊಂದಿಗೆ ನೀರಿಗೆ ಬೀಳುತ್ತಾರೆ.

ಇನ್ನು ಕಾನೂನಿನ ವಿಷಯ. ಮೋಟಾರು ವಾಹನ ಕಾಯ್ದೆಯ ಕಲಂ 185ರ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯವಿದ್ದು ವಾಹನ ಓಡಿಸಿದರೆ ಮೊದಲ ಸಲಕ್ಕೇ 6 ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಆ ಕಲಂ ರಸ್ತೆಯ ವಾಹನಕ್ಕೆ ಸೇರಿದ್ದು, ದೋಣಿಗೆ ಅನ್ವಯಿಸದು. ಇದನ್ನೇ ಹಿಡಿದುಕೊಂಡು ನೀರಿನ ಮೇಲೆ ಕಾನೂನೇ ಇಲ್ಲ ಎಂದು ಹೇಳುವವರಿದ್ದಾರೆ, ಅದು ತಪ್ಪು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 282ರಂತೆ, ಪ್ರಾಣಕ್ಕೆ ಅಪಾಯವಾಗುವಂತೆ ದುಡುಕಿನಿಂದ ಅಥವಾ ನಿರ್ಲಕ್ಷ್ಯದಿಂದ ಜಲವಾಹನ ನಡೆಸಿದವನಿಗೆ 6 ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಬಾಡಿಗೆಗಾಗಿ ಜನರನ್ನು ಅಪಾಯಕಾರಿ ಸ್ಥಿತಿಯ ಅಥವಾ ಮಿತಿಮೀರಿ ತುಂಬಿದ ದೋಣಿಯಲ್ಲಿ ಸಾಗಿಸಿದರೆ ಕಲಂ 284ರಡಿ 6 ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನೀರಿನ ಮೇಲೆ ಮನುಷ್ಯರನ್ನೋ ಸರಕನ್ನೋ ಸಾಗಿಸಲು ಮಾಡಿದ ಯಾವುದೇ ಸಾಧನ ಈ ಸಂಹಿತೆಯ ಪ್ರಕಾರ ಜಲವಾಹನವೇ ಆದ್ದರಿಂದ, ಬಿದಿರಿನ ತೆಪ್ಪಕ್ಕೂ ಎಂಜಿನ್ ದೋಣಿಗೂ ಇಲ್ಲಿ ಭೇದವಿಲ್ಲ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಕಲಂ 106ರಡಿ 5 ವರ್ಷಗಳವರೆಗೆ ಸೆರೆ ಮತ್ತು ದಂಡ ಕಾದಿದೆ. ಅಮಲಿನಲ್ಲಿದ್ದೆ, ತಿಳಿಯಲಿಲ್ಲ ಎಂಬ ಸಮಜಾಯಿಷಿಯೂ ನಡೆಯುವುದಿಲ್ಲ: ತಾನಾಗಿಯೇ ಕುಡಿದವನಿಗೆ, ಕುಡಿಯದಿದ್ದರೆ ಎಷ್ಟು ತಿಳಿವಳಿಕೆ ಇರುತ್ತಿತ್ತೋ ಅಷ್ಟೂ ಇತ್ತೆಂದೇ ಕಾನೂನು ಎಣಿಸುತ್ತದೆ. ಕರ್ನಾಟಕ ಅಬಕಾರಿ ಕಾಯ್ದೆ 1965ರ ಕಲಂ 15ಎ ಸಾರ್ವಜನಿಕ ಸ್ಥಳದಲ್ಲಿ ಮದ್ಯಪಾನವನ್ನು ನಿಷೇಧಿಸಿದೆ. ಜಲಾಶಯದ ದಡ ಸಾರ್ವಜನಿಕ ಸ್ಥಳವಲ್ಲದೆ ಮತ್ತೇನು?

ಇಷ್ಟೆಲ್ಲ ಇದ್ದೂ ಇವು ಬಳಕೆಗೆ ಬರುವುದು ಸಾವಿನ ನಂತರ. ಮತ್ತು ಆಗ ಸಿಕ್ಕಿಬೀಳುವವನು ತೆಪ್ಪದವನು. ಇದೇ ನನ್ನನ್ನು ಹೆಚ್ಚು ನೋಯಿಸುವ ಸಂಗತಿ. ಮದ್ಯ ತಂದವರು, ಹಣ ಚೆಲ್ಲಿದವರು, ಹಟ ಹಿಡಿದವರು ಊರು ಬಿಟ್ಟು ಹೋಗುತ್ತಾರೆ. ದಿನದ ದುಡಿಮೆಯಲ್ಲಿ ಬದುಕುವ ಅಂಬಿಗ ಠಾಣೆಯ ಬೆಂಚಿನ ಮೇಲೆ ಕೂರುತ್ತಾನೆ. ಕಾರಿನಲ್ಲಿ ಬಂದ ಗುಂಪಿಗೆ ‘ಹತ್ತಿಸುವುದಿಲ್ಲ’ ಎನ್ನಲು ಅವನಿಗೆ ಇರುವ ಬಲವೇನು? ಅವನು ಬೇಡವೆಂದರೆ ಪಕ್ಕದವನು ಹತ್ತಿಸಿಕೊಳ್ಳುತ್ತಾನೆ, ಇಲ್ಲವೇ ಇವನಿಗೇ ಬೈಗುಳ, ಏಟು. ತಮ್ಮ ಸಹಿ ಇರುವ ಒಂದು ಆದೇಶದ ಪ್ರತಿ ದಡದ ಫಲಕದ ಮೇಲಿದ್ದರೆ ಅವನು ಅದರತ್ತ ಕೈತೋರಿಸಿ ‘ಡಿಸಿ ಸಾಹೇಬರ ಆದೇಶ ಸಾರ್, ನನ್ನ ಕೈಲಿಲ್ಲ’ ಎಂದು ಹೇಳಬಲ್ಲ. ಒಂದು ಹಾಳೆ ಅವನ ನಾಲಿಗೆಗೆ ಆ ಧೈರ್ಯ ಕೊಡುತ್ತದೆ.

ನಮ್ಮ ರಾಜ್ಯದ ಕಾರವಾರದಲ್ಲಿ 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಕೇರಳದ ತಾನೂರಿನಲ್ಲಿ 2023ರ ಮೇ 7ರಂದು 22 ಜನ, ವಡೋದರದ ಹರ್ಣಿ ಕೆರೆಯಲ್ಲಿ 2024ರ ಜನವರಿ 18ರಂದು ಶಾಲಾ ಮಕ್ಕಳು ಮತ್ತು ಶಿಕ್ಷಕಿಯರು ಸೇರಿ 14 ಜನ. ಈ ದುರಂತಗಳಿಗೆ ಮದ್ಯ ಕಾರಣವೆಂದು ನಾನು ಹೇಳುತ್ತಿಲ್ಲ; ಮಿತಿಮೀರಿದ ಜನ ಮತ್ತು ತೊಡದ ಲೈಫ್ ಜಾಕೆಟ್‌ಗಳ ಮಾತೇ ಅಲ್ಲೆಲ್ಲ ಕೇಳಿಬಂದದ್ದು. ಕುಡಿಯದ ಜನರಿದ್ದ ದೋಣಿಗಳ ಗತಿಯೇ ಹೀಗಾದರೆ, ಅದೇ ಕೊರತೆಗಳ ಮೇಲೆ ಅಮಲೂ ಸೇರಿದ ನಮ್ಮ ಹಿನ್ನೀರಿನ ಗತಿ ಏನಾದೀತು ಎಂಬುದು ನನ್ನ ಆತಂಕ. ಹೇಮಾವತಿಯ ಹಿನ್ನೀರಿನಡಿ ಮುಳುಗಡೆಯಾದ ಊರುಗಳ ಅಡಿಪಾಯಗಳಿವೆ, ಮರದ ಬೊಡ್ಡೆಗಳಿವೆ. ಇದು ಈಜುಕೊಳವಲ್ಲ.

ಆದ್ದರಿಂದ ನನ್ನ ಬೇಡಿಕೆಗಳನ್ನು ವಿನಯದಿಂದ, ಆದರೆ ಸ್ಪಷ್ಟವಾಗಿ ಮುಂದಿಡುತ್ತೇನೆ. ವಿಪತ್ತು ನಿರ್ವಹಣಾ ಕಾಯ್ದೆ 2005 ತಮ್ಮನ್ನು ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರನ್ನಾಗಿ ಮಾಡಿದೆ; ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 163 ತುರ್ತು ಸಂದರ್ಭಕ್ಕೆ ನಿಷೇಧಾಜ್ಞೆಯ ಅಧಿಕಾರ ಕೊಟ್ಟಿದೆ. ಈ ಅಧಿಕಾರಗಳನ್ನು ಬಳಸಿ, ಮುಂದಿನ ರಜೆಯ ಋತು ಆರಂಭವಾಗುವ ಮೊದಲೇ, ಜಿಲ್ಲೆಯ ಯಾವುದೇ ದೋಣಿ ದಡದಲ್ಲಿ ಮದ್ಯ ಒಯ್ಯುವುದನ್ನೂ ಕುಡಿದವರನ್ನು ಹತ್ತಿಸಿಕೊಳ್ಳುವುದನ್ನೂ ನಿಷೇಧಿಸುವ ಆದೇಶ ಹೊರಡಿಸಬೇಕು. ಆ ಆದೇಶ ದೋಣಿಯವನೊಬ್ಬನನ್ನೇ ಹೊಣೆ ಮಾಡದೆ, ಕುಡಿದು ಹತ್ತಲು ಒತ್ತಾಯಿಸಿದವರನ್ನೂ, ತಮ್ಮ ಅತಿಥಿಗಳಿಗೆ ಮದ್ಯವನ್ನೂ ತೆಪ್ಪವನ್ನೂ ಒಟ್ಟಿಗೇ ಒದಗಿಸುವ ರೆಸಾರ್ಟ್, ಹೋಂಸ್ಟೇ ಮಾಲೀಕರನ್ನೂ ಹೊಣೆಯಾಗಿಸಬೇಕು.

ತಡೆ ನಡೆಯಬೇಕಾದದ್ದು ದಡದಲ್ಲಿ. ನೀರಿನ ಮೇಲೆ ಬೆನ್ನಟ್ಟಿ ಹಿಡಿಯುವ ದೋಣಿಯೂ ನಮ್ಮಲ್ಲಿಲ್ಲ, ಅದು ಬೇಕಾಗಿಯೂ ಇಲ್ಲ. ಭಾನುವಾರ ಮತ್ತು ರಜಾದಿನಗಳಲ್ಲಿ ಜನ ಸೇರುವ ದಡಗಳಿಗೆ ಒಬ್ಬ ಪೊಲೀಸ್ ಸಿಬ್ಬಂದಿ, ಇಬ್ಬರು ಗೃಹರಕ್ಷಕರು ಸಾಕು. ಹತ್ತುವವರ ಹೆಸರು ಬರೆಯುವ ಪುಸ್ತಕ, ದೋಣಿಯ ಮೈಮೇಲೆ ಬಣ್ಣದಲ್ಲಿ ಬರೆದ ಜನರ ಮಿತಿ, ಲೈಫ್ ಜಾಕೆಟ್‌ನ ಪಟ್ಟಿ ಬಿಗಿದ ಮೇಲಷ್ಟೇ ದೋಣಿ ಬಿಡುವ ನಿಯಮ, ಸೂರ್ಯ ಮುಳುಗುವ ಮೊದಲೇ ಮುಚ್ಚುವ ಹೊತ್ತು: ಇವಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಕುಡಿದವರನ್ನು ಗುರುತಿಸಲು ಪ್ರತಿ ದಡದಲ್ಲೂ ಬ್ರೀತ್ ಅನಲೈಸರ್ ಯಂತ್ರವೇ ಇರಬೇಕೆಂದೇನೂ ಇಲ್ಲ. ಮಾತು, ನಡಿಗೆ, ವಾಸನೆ ಸಾಕು. ದೋಣಿ ನಡೆಸುವವರಿಗೆ ಮಾತ್ರ ದಿನದ ಕೆಲಸ ಆರಂಭಿಸುವ ಮೊದಲು ಯಂತ್ರದ ತಪಾಸಣೆ ನಡೆದರೆ ಒಳ್ಳೆಯದು.

ಒಳನಾಡು ಹಡಗುಗಳ ಕಾಯ್ದೆ 2021 ಎಂಜಿನ್ ದೋಣಿಗಳ ತಪಾಸಣೆ ಮತ್ತು ನೋಂದಣಿಯನ್ನು ಕಡ್ಡಾಯ ಮಾಡಿದೆ. ಎಂಜಿನ್ ಇಲ್ಲದ ದೋಣಿಗಳನ್ನೂ ಸ್ಥಳೀಯ ಸಂಸ್ಥೆಗಳ ಮೂಲಕ ನಿಯಂತ್ರಿಸಲು ದಾರಿ ಮಾಡಿಕೊಟ್ಟಿದೆ. ನಮ್ಮ ಗ್ರಾಮ ಪಂಚಾಯಿತಿಗಳಿಗೆ ಈ ಕೆಲಸವನ್ನು ವಹಿಸುವಂತೆಯೂ, ರಸ್ತೆಯಲ್ಲಿರುವ 30 ಮಿಲಿಗ್ರಾಂ ಮಿತಿಯನ್ನೇ ದೋಣಿ ನಡೆಸುವವರಿಗೂ ನಿಗದಿ ಮಾಡುವಂತೆಯೂ ತಾವು ರಾಜ್ಯ ಸರ್ಕಾರಕ್ಕೆ ಬರೆಯಬೇಕೆಂದು ಕೋರುತ್ತೇನೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2017ರಲ್ಲೇ ದೋಣಿ ಸುರಕ್ಷತೆಯ ಮಾರ್ಗಸೂಚಿ ಹೊರಡಿಸಿದೆ; ಅದರ ಕನ್ನಡ ಸಾರಾಂಶ ಪ್ರತಿ ದಡಕ್ಕೂ ಪ್ರತಿ ದೋಣಿಯವನಿಗೂ ತಲಪಬೇಕು.

ಇನ್ನೊಂದು ಕೋರಿಕೆ ನನ್ನ ವೃತ್ತಿಯಿಂದ ಬಂದದ್ದು. ನೀರಿನಿಂದ ಎತ್ತಿದವರನ್ನು ತಲೆಕೆಳಗು ಮಾಡುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ನಮ್ಮ ಊರುಗಳಲ್ಲಿ ಈಗಲೂ ನಡೆದಿದೆ. ಇದರಿಂದ ಅಮೂಲ್ಯ ನಿಮಿಷಗಳು ಹೋಗುತ್ತವೆ, ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಹೊಟ್ಟೆ ತುಂಬ ಕುಡಿದವನಿಗಂತೂ ಇದು ಪ್ರಾಣಾಂತಿಕ. ಉಸಿರಿಲ್ಲದವನಿಗೆ ಮೊದಲು ಬಾಯಿಂದ ಬಾಯಿಗೆ ಉಸಿರು ಕೊಟ್ಟು, ಬಳಿಕ ಎದೆ ಒತ್ತುತ್ತ ಎರಡನ್ನೂ ಮುಂದುವರಿಸಬೇಕು, ಅದೇ ಹೊತ್ತಿಗೆ ಇನ್ನೊಬ್ಬರು 112ಕ್ಕೆ ಕರೆ ಮಾಡಬೇಕು. ಇದನ್ನು ಅಗ್ನಿಶಾಮಕ ದಳ ಮತ್ತು ಆರೋಗ್ಯ ಇಲಾಖೆಯ ಮೂಲಕ ದಡದ ಪ್ರತಿ ಮೀನುಗಾರನಿಗೂ ಅಂಬಿಗನಿಗೂ ಕಲಿಸಿ. ಅಪಘಾತವಾದಾಗ ಮೊದಲು ತಲಪುವವರು ಅವರೇ. ಅಂದು ಆ ಹುಡುಗನನ್ನು ಎತ್ತಿದವರಿಗೆ ಯಾರೂ ಒಂದು ಮಾತಿನ ಕೃತಜ್ಞತೆಯನ್ನೂ ಹೇಳಲಿಲ್ಲ. ಅಂಥವರನ್ನು ಜಿಲ್ಲಾಡಳಿತ ಗುರುತಿಸಿ ಗೌರವಿಸಲಿ ಎಂಬುದೂ ನನ್ನ ಬಿನ್ನಹ.

ಈ ಪತ್ರ ಓದುವ ಪ್ರವಾಸಿ ಬಂಧುಗಳಲ್ಲೂ ಒಂದು ಮನವಿ. ನಿಮ್ಮ ಜೊತೆ ಬಂದವರು ಕುಡಿದಿದ್ದರೆ ದಯವಿಟ್ಟು ಅವರನ್ನು ದೋಣಿ ಹತ್ತಲು ಬಿಡಬೇಡಿ, ಹತ್ತಿದ್ದರೆ ನೀವು ಇಳಿದುಬಿಡಿ. ಮಜ್ಜಿಗೆಯಾಗಲಿ, ಕಾಫಿಯಾಗಲಿ, ತಲೆಗೆ ಸುರಿದುಕೊಂಡ ತಣ್ಣೀರಾಗಲಿ ಅಮಲನ್ನು ಇಳಿಸುವುದಿಲ್ಲ. ಇಳಿಸುವುದು ಗಂಟೆಗಟ್ಟಲೆಯ ಸಮಯ ಮಾತ್ರ.

ಪೊಲೀಸ್, ಅಬಕಾರಿ, ಪ್ರವಾಸೋದ್ಯಮ, ಮೀನುಗಾರಿಕೆ, ನೀರಾವರಿ ಮತ್ತು ಆರೋಗ್ಯ ಇಲಾಖೆಗಳ ಅಧಿಕಾರಿಗಳನ್ನೂ, ದಡದ ಪಂಚಾಯಿತಿಗಳ ಪ್ರತಿನಿಧಿಗಳನ್ನೂ, ತೆಪ್ಪದವರನ್ನೂ ಒಂದೆಡೆ ಸೇರಿಸಿ ಹಾಸನಾಂಬೆಯ ದರ್ಶನ ಆರಂಭವಾಗುವ ಮೊದಲೇ ಒಂದು ಸಭೆ ಕರೆಯಬೇಕೆಂದೂ, ಅಲ್ಲಿ ಯಾವ ದಡಕ್ಕೆ ಯಾವ ಅಧಿಕಾರಿ ಹೊಣೆ ಎಂಬುದನ್ನು ಹೆಸರು, ದೂರವಾಣಿ ಸಂಖ್ಯೆಗಳ ಸಹಿತ ಪ್ರಕಟಿಸಬೇಕೆಂದೂ ಪ್ರಾರ್ಥಿಸುತ್ತೇನೆ. ಸಭೆಯ ದಿನಾಂಕ ತಿಳಿಸಿದರೆ ನಮ್ಮೂರಿನ ಅಂಬಿಗರೊಂದಿಗೆ ನಾನೂ ಹಾಜರಾಗಿ, ಇಲ್ಲಿ ಬರೆದ ಪ್ರತಿ ಮಾತಿಗೂ ಉತ್ತರ ಕೊಡಲು ಸಿದ್ಧಳಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶುಶ್ರೂಷಕಿ,
ಹೇಮಾವತಿ ಹಿನ್ನೀರಿನ ದಡ, ಹಾಸನ ಜಿಲ್ಲೆ